ಸದ್ದು ಸಣ್ಣಗಾದ್ರೆ ಟ್ರಿಗ್ಗರ್ ಬಿಡಿ

ಫೋಟೋದಲ್ಲಿರೋದು ನನ್ನ ಕಾಸ್ಟ್ ಅಕೌಂಟಿಂಗ್ ನೋಟ್ಸಿನ ಕೊನೇ ಪುಟ. ಲೆಕ್ಕ ಬಿಟ್ಟು ತೋಟಾ ಚಿತ್ರ ಯಾಕೆ ಅಂತ ನಗಬೇಡಿ, ಇದೂ ಲೆಕ್ಕಾನೇ.

ಹಿಂದಿನ ಪೋಸ್ಟಲ್ಲಿ ಎನ್‌ಸಿಸಿ ಫೈರಿಂಗ್ ಬಗ್ಗೆ ಬರೆದ ಮೇಲೆ ನಿಮ್ಮಲ್ಲಿ ಮೂರು ಜನ ಒಂದೇ ಥರದ ವಿಡಿಯೋ ಕಳಿಸಿದ್ರಿ. ಅಮೆರಿಕದಲ್ಲಿ ಯಾರೋ ಗ್ಯಾರೇಜಲ್ಲಿ ಕೂತು, ಹಾರಿಸಿ ಬಿದ್ದ ಪಿಸ್ತೂಲಿನ ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬ್ತಾ ಇದಾರೆ. ‘ನಾವೂ ಮಾಡಬಹುದಾ?’ ಅಂತ ನಿಮ್ಮ ಪ್ರಶ್ನೆ.

ಇಲ್ಲ. ಅಲ್ಲಿ ಹವ್ಯಾಸ, ಇಲ್ಲಿ ಅಪರಾಧ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋ ಹಾಗಿಲ್ಲ. 2019ರ ತಿದ್ದುಪಡಿ ಆದಮೇಲೆ ಶಿಕ್ಷೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಕೋವಿ ಇಟ್ಕೊಳ್ಳೋ ಲೈಸೆನ್ಸ್ ಬೇರೆ, ತೋಟಾ ಮಾಡೋ ಲೈಸೆನ್ಸ್ ಬೇರೆ. ಇನ್ನು ನಾವು ಕ್ಯಾಂಪಲ್ಲಿ ಹಾರಿಸೋ .22 ತೋಟಾನ ಮತ್ತೆ ತುಂಬೋಕೆ ಬರೋದೂ ಇಲ್ಲ. ಅದಕ್ಕೆ ಪ್ರತ್ಯೇಕ ಕೇಪು ಅಂತ ಇಲ್ಲ. ಕಿಡಿ ಹೊತ್ತಿಸೋ ರಾಸಾಯನಿಕ ಹಿತ್ತಾಳೆ ಅಂಚಿನ ಒಳಗೇ ಇರುತ್ತೆ, ಪಿನ್ನು ಬಂದು ಆ ಅಂಚನ್ನೇ ಜಜ್ಜಿಬಿಡುತ್ತೆ. 9 ಎಂಎಂ ಥರದ ಪಿಸ್ತೂಲ್ ತೋಟಾದಲ್ಲಿ ಕೇಪು ತಳದ ನಡುವೆ ಬೇರೆಯಾಗಿ ಕೂತಿರುತ್ತೆ, ತೆಗೆದು ಹೊಸದು ಹಾಕಬಹುದು. ಆ ಗ್ಯಾರೇಜಿನವರು ಮಾಡೋದು ಅದನ್ನೇ.

ಆದ್ರೆ ಅವರ ತಲೆನೋವು ಏನು ಗೊತ್ತಾ? ಅದನ್ನ ಓದ್ತಾ ಹೋದ ಹಾಗೆ ನನಗೆ ಟ್ರಯಲ್ ಬ್ಯಾಲೆನ್ಸ್ ನೆನಪಾಯ್ತು.

ನಂಜನಗೂಡಿನೋರಿಗೆ ಪುಡಿ ಅಂದ್ರೆ ಹಲ್ಲುಪುಡಿ. ಈ ಪುಡಿ ತೂಗೋದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಅಂದ್ರೆ ಸುಮಾರು 65 ಮಿಲಿಗ್ರಾಂ, ಹೆಚ್ಚುಕಮ್ಮಿ ಅರ್ಧ ಗುಲಗಂಜಿ. ಪಿಸ್ತೂಲಿನ ಒಂದು ಕೋಶಕ್ಕೆ ಬೇಕಾಗೋದು ಕೆಲವೇ ಗ್ರೇನ್, ಒಳಗಡೆ ಎಷ್ಟೋ ಜಾಗ ಹಾಗೇ ಉಳಿಯುತ್ತೆ. ಹಾಗಾಗಿ ಒಂದಕ್ಕೆ ಎರಡು ಸಲ ಮದ್ದು ಬಿದ್ರೂ ಹೊರಗೆ ಚೆಲ್ಲಲ್ಲ. ಈಗ ನೋಡಿ: 50 ಕೋಶದಲ್ಲಿ ಒಂದು ಖಾಲಿ ಉಳಿದು, ಪಕ್ಕದ್ದಕ್ಕೆ ಎರಡು ಪಾಲು ಬಿತ್ತು ಅನ್ಕೊಳ್ಳಿ. ಕೇಪು 50, ಗುಂಡು 50, ಖರ್ಚಾದ ಮದ್ದಿನ ಒಟ್ಟು ತೂಕಾನೂ ಸರಿ. ಎರಡೂ ಕಡೆ ತಾಳೆ! ನಮ್ಮ ಮೇಷ್ಟ್ರು ‘ಕಾಂಪೆನ್ಸೇಟಿಂಗ್ ಎರರ್’ ಅಂತ ಬೋರ್ಡ್ ಮೇಲೆ ಬರೀತಾರಲ್ಲ, ಅದೇ ಇದು. ಪರೀಕ್ಷೆಲಿ ಎರಡು ಮಾರ್ಕ್ಸ್ ಹೋಗುತ್ತೆ, ಅಲ್ಲಿ ಬೆರಳು ಹೋಗುತ್ತೆ. ಅದಕ್ಕೇ ತಿಳಿದೋರು ಗುಂಡು ಕೂರಿಸೋ ಮುಂಚೆ ಟಾರ್ಚ್ ಹಿಡಿದು ಒಂದೊಂದು ಕೋಶದ ಒಳಗೂ ಇಣುಕಿ ನೋಡ್ತಾರೆ.

ಉಳಿದ ತೊಂದರೆಗಳು ಸಣ್ಣವು. ಕೇಪು ಪೂರ್ತಿ ಒಳಗೆ ಕೂತಿಲ್ಲ ಅಂದ್ರೆ ಮೊದಲನೇ ಹೊಡೆತ ಅದನ್ನ ಒಳಗೆ ತಳ್ಳೋದಕ್ಕೇ ಮುಗಿಯುತ್ತೆ, ‘ಟಿಕ್’ ಅಷ್ಟೇ. ಎಣ್ಣೆ ತಗುಲಿದ್ರೂ ಕೆಟ್ಟುಹೋಗಬಹುದು.

ಎಲ್ಲರೂ ಹೆದರೋದು ಜಾಸ್ತಿ ಸದ್ದಿಗೆ. ನನಗೆ ಭಯ ಕಮ್ಮಿ ಸದ್ದಿಂದು.

ಕೋಶದಲ್ಲಿ ಮದ್ದೇ ಇಲ್ಲ ಅಂದ್ರೂ ಕೇಪಿನ ಬಲಕ್ಕೇ ಗುಂಡು ನಳಿಗೆ ಒಳಗೆ ಸ್ವಲ್ಪ ದೂರ ಹೋಗಿ ಸಿಕ್ಕಾಕೊಳ್ಳುತ್ತೆ. ನೀವು ‘ಛೇ, ಇದು ಠುಸ್ಸು’ ಅಂತ ಇನ್ನೊಂದು ಹಾರಿಸಿದ್ರೆ ಅದು ಹೋಗಿ ಮೊದಲನೇದಕ್ಕೆ ಗುದ್ದುತ್ತೆ, ನಳಿಗೆ ಸಿಡೀಬಹುದು. ಬ್ರೂಸ್ ಲೀ ಮಗ ಬ್ರ್ಯಾಂಡನ್ ಲೀ 1993ರ ಮಾರ್ಚಲ್ಲಿ ‘ದಿ ಕ್ರೋ’ ಶೂಟಿಂಗಲ್ಲಿ ಸತ್ತಿದ್ದು ಈ ತಪ್ಪಿಂದ್ಲೇ. ಕ್ಯಾಮೆರಾಗೆ ತೋರಿಸೋಕೆ ಅಂತ ನಿಜವಾದ ತೋಟಾಗಳ ಮದ್ದು ಸುರಿದು ಗುಂಡು ವಾಪಸ್ ಕೂರಿಸಿದ್ರು, ಕೇಪು ಹಾಗೇ ಬಿಟ್ಟಿದ್ರು. ಅದು ಯಾವಾಗಲೋ ಹೊತ್ತಿ ಗುಂಡು ನಳಿಗೆಲಿ ಕೂತಿತ್ತು, ಯಾರೂ ನೋಡ್ಲಿಲ್ಲ. ಆಮೇಲೆ ಅದೇ ರಿವಾಲ್ವರಿಗೆ ಬರೀ ಸದ್ದಿನ ತೋಟಾ ಹಾಕಿ ಹಾರಿಸಿದಾಗ ಆ ಗುಂಡು ಹೊರಗೆ ಬಂತು. ಅವನಿಗೆ 28 ವರ್ಷ.

ಇದು ಸಿನಿಮಾದವರ ಕತೆ ಅನ್ಬೇಡಿ. ಅಮ್ಮನ ತವರು ಟಿ. ನರಸೀಪುರದ ಕಡೆ ಒಂದು ಹಳ್ಳಿ. ಮಾವನ ಹತ್ರ ಬೆಳೆ ಕಾಯೋಕೆ ಲೈಸೆನ್ಸ್ ಪಡೆದ ಒಂಟಿನಳಿಗೆ ಕೋವಿ ಇದೆ. ಹೋದ ವರ್ಷ ಕಾಡುಹಂದಿ ಹೆದರಿಸೋಕೆ ಅಂತ ಗಾಳಿಲಿ ಒಂದು ಈಡು ಹೊಡೆದ್ರು. ತೋಟಾ ಹಳೇದು, ಅಟ್ಟದ ಮೇಲೆ ಎರಡು ಮಳೆಗಾಲ ಕಂಡಿತ್ತು. ‘ಢಂ’ ಅನ್ನೋ ಬದಲು ‘ತುಸ್’ ಅಂತು. ಮಾವ ಜೇಬಿಗೆ ಕೈ ಹಾಕಿ ಇನ್ನೊಂದು ತೆಗೆದ್ರು.

‘ತಡಿಯಪ್ಪಾ, ನಳಿಗೆ ನೋಡು ಮೊದ್ಲು’ ಅಂದ್ರು ತಾತ.

‘ಅಪ್ಪಾ, ಹಂದಿ ಹೊಂಟೋಯ್ತವೆ!’

‘ಹೋದ್ರೆ ಹೋಗ್ಲಿ ಬಿಡು.’

ಸ್ವಲ್ಪ ಹೊತ್ತು ಬಿಟ್ಟು, ಕೋವಿ ಮುರಿದು, ಖಾಲಿ ಕೋಶ ತೆಗೆದು, ನಾನು ಮುಂದಿನ ತುದಿಗೆ ಟಾರ್ಚ್ ಬಿಟ್ಟೆ. ಮಾವ ಹಿಂದಿಂದ ನೋಡಿದ್ರು. ಚಂದ್ರನ ಥರ ದುಂಡಗೆ ಬೆಳಕು ಕಾಣ್ಬೇಕಿತ್ತು, ಕತ್ತಲೆ. ಮದ್ದು ನೆಂದು ಅರ್ಧಂಬರ್ಧ ಉರಿದು, ಒಳಗಿನ ಬಿರಡೆ ನಳಿಗೆ ಮಧ್ಯ ಗಟ್ಟಿಯಾಗಿ ಕೂತಿತ್ತು. ಮಾವ ಒಂದು ಮಾತೂ ಆಡದೆ ಗದ್ದೆ ಬದು ಮೇಲೆ ಕೂತ್ಕೊಂಡ್ರು. ಅವತ್ತು ರಾತ್ರಿ ಹಂದಿ ಬಂದು ಅರ್ಧ ಗುಂಟೆ ಜೋಳ ಹಾಳು ಮಾಡಿದ್ವು. ಅದರ ಬಗ್ಗೆ ಮನೇಲಿ ಯಾರೂ ಬೈಲಿಲ್ಲ, ಅತ್ತೆ ಕೂಡ.

ಆ ಅಟ್ಟದ ಮೇಲಿನ ಡಬ್ಬಿ ಏನಾಯ್ತು ಅಂತ ಕೇಳ್ತೀರ. ಅದಕ್ಕೂ ರಿಪೇರಿ ಇಲ್ಲ. ಬಿಸಿಲಿಗೆ ಇಟ್ಟು ಒಣಗಿಸ್ತೀನಿ ಅಂತ ಹೊರಟೋರನ್ನ ದಯವಿಟ್ಟು ತಡೀರಿ. ಮಾವ ಸ್ಟೇಷನ್‌ಗೆ ಹೋಗಿ ಒಪ್ಪಿಸಿ, ರಸೀದಿ ತಗೊಂಡು ಬಂದ್ರು.

ಭಾನುವಾರ ಜೂನಿಯರ್‌ಗಳಿಗೆ ಫೈರಿಂಗ್ ಇದೆ, ಅದಕ್ಕೇ ಈ ಪೋಸ್ಟ್ ಇವತ್ತು. ಮುಗಿದ ಮೇಲೆ ಖಾಲಿ ಕೋಶ ಎಣಿಸಿ ವಾಪಸ್ ಕೊಡ್ಬೇಕು: ಕೊಟ್ಟದ್ದಕ್ಕೆ ಸಮ ಖಾಲಿ ಕೋಶ ಮತ್ತು ಹಾರದೇ ಉಳಿದದ್ದು. ಒಂದು ಕಮ್ಮಿಯಾದ್ರೂ ಇಡೀ ಪ್ಲಟೂನ್ ಹುಲ್ಲಲ್ಲಿ ಬಗ್ಗಿ ಹುಡುಕುತ್ತೆ, ಬೆನ್ನುನೋವಿಗೆ ರೆಡಿ ಇರಿ. ನಿಮ್ಮದು ಹಾರ್ಲಿಲ್ಲ ಅಂದ್ರೆ, ಅಥವಾ ಸದ್ದು ಪಕ್ಕದೋರದ್ದಕ್ಕಿಂತ ಸಣ್ಣಗೆ ಕೇಳಿಸ್ತು ಅಂದ್ರೆ, ‘ಉಸ್ತಾದ್, ಇದೇನಾಯ್ತು ನೋಡಿ’ ಅಂತ ರೈಫಲ್ ಸಮೇತ ತಿರುಗಬೇಡಿ. ನಳಿಗೆ ಟಾರ್ಗೆಟ್ ಕಡೇನೇ ಇರ್ಲಿ, ಬೆರಳು ಟ್ರಿಗ್ಗರಿಂದ ಆಚೆ. ಬೋಲ್ಟ್ ಮುಟ್ಟಬೇಡಿ, ತಡವಾಗಿ ಹೊತ್ತೋ ತೋಟಾನೂ ಇರುತ್ತೆ. ಮಲಗಿದ ಜಾಗದಿಂದ್ಲೇ ಎಡಗೈ ಎತ್ತಿ. ಉಸ್ತಾದ್ ಬರ್ತಾರೆ. ಬರೋಕೆ ಲೇಟಾದ್ರೆ ಕೈ ನೋಯುತ್ತೆ, ಎತ್ತಿಕೊಂಡೇ ಇರಿ.