ದೀಪಾಂಜಲಿ ನಗರದಿಂದ ಎರಡು ವಿದ್ಯಾದೇಗುಲಗಳಿಗೆ

ಮೈಸೂರು ರಸ್ತೆಯ ಬದಿಯ ನಮ್ಮ ದೀಪಾಂಜಲಿ ನಗರಕ್ಕೆ 2015ರಲ್ಲಿ ಮೆಟ್ರೊ ಬಂದಿತು. ಇಂಜಿನಿಯರಿಂಗ್ ಅಂತಿಮ ವರ್ಷದಲ್ಲಿರುವ ಮಗಳಿಗೆ ಮುಂದೆ ವ್ಯವಹಾರ ನಿರ್ವಹಣೆಯನ್ನೂ ಕಲಿಯುವ ಹಂಬಲ. ಆಯ್ಕೆಗೆ ಮುನ್ನ ಎರಡು ಸಂಸ್ಥೆಗಳನ್ನು ಕಣ್ಣಾರೆ ಕಾಣಲೆಂದು ಒಂದು ಮುಂಜಾನೆ ರೈಲನ್ನೇರಿದೆವು.

ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗ ಹಿಡಿದು ಮೊದಲು ಉತ್ತರಕ್ಕೆ ಸಾಗಿದೆವು. 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯು ಮೈಸೂರು ಸಂಸ್ಥಾನವಿತ್ತ ನೆಲದಲ್ಲಿ, ವೃಕ್ಷಗಳ ತಂಪಿನಲ್ಲಿ ನೆಲೆಸಿದೆ. ಇಲ್ಲಿನ ಎರಡು ವರ್ಷಗಳ ನಿರ್ವಹಣಾ ಸ್ನಾತಕೋತ್ತರ ಪದವಿಯು ಇಂಜಿನಿಯರಿಂಗ್ ಪದವೀಧರರಿಗಾಗಿಯೇ ಇರುವಂಥದು. ತರಗತಿ ಚಿಕ್ಕದು, ಗಣಿತದ ಬಳಕೆ ಹೆಚ್ಚು, ಶುಲ್ಕ ಮಿತ.

ಮಧ್ಯಾಹ್ನ ದಕ್ಷಿಣದ ಬನ್ನೇರುಘಟ್ಟ ರಸ್ತೆಗೆ ಬಂದೆವು. 1973ರಲ್ಲಿ ಆರಂಭವಾದ ಭಾರತೀಯ ನಿರ್ವಹಣಾ ಸಂಸ್ಥೆಯಲ್ಲಿ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು ರೂಪಿಸಿದ ಕಲ್ಲಿನ ಮೊಗಸಾಲೆಗಳ ಮೇಲೆ ಬಳ್ಳಿಗಳು ಹಬ್ಬಿವೆ. ಇಲ್ಲಿ ವಾಣಿಜ್ಯ, ಕಲೆ ಓದಿದವರೂ ಸಹಪಾಠಿಗಳು. ಕಂಪನಿಗಳ ನಂಟು ವಿಶಾಲ. ಆದರೆ ನಮ್ಮಂಥ ಸಂಬಳದ ಕುಟುಂಬಕ್ಕೆ ಶುಲ್ಕಕ್ಕಾಗಿ ಸಾಲ ತಪ್ಪದು.

ಸಂಜೆ ಮರಳುವಾಗ ಮಗಳು, “ಅಪ್ಪಾಜಿ, ಕಾರ್ಖಾನೆಯ ಕೆಲಸವನ್ನು ಬಿಟ್ಟು ದೂರ ಹೋಗಲು ನನಗೆ ಮನಸ್ಸಿಲ್ಲ, ವಿಜ್ಞಾನ ಸಂಸ್ಥೆಗೇ ಮೊದಲು ಪ್ರಯತ್ನಿಸುವೆ” ಎಂದಳು. ಬಂಧುಗಳು ಬೇರೆ ಹೆಸರನ್ನು ನಿರೀಕ್ಷಿಸಿದ್ದರು. ನಾನು ಮಾತ್ರ ಒಪ್ಪಿದೆ. ಕೈಗೊಳ್ಳುವ ಕಾಯಕವು ನಿಶ್ಚಯವಾದರೆ ಕಲಿಯುವ ತಾಣವನ್ನು ಅದೇ ತೋರಿಸುತ್ತದೆ.