ಬೊಚ್ಚು ಬಾಯಿಯ ಬಿಂಕ

ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ನೌಕರಿ ಮಾಡಿದಷ್ಟೂ ಕಾಲ ನನ್ನ ದವಡೆಯಲ್ಲಿ ತಂಬಾಕು ಇತ್ತು. ನಿವೃತ್ತಿಗೆ ಮೊದಲೇ ಮೇಲಿನ ಸಾಲಿನ ಹಲ್ಲೆಲ್ಲ ಹೋಗಿ ಸೆಟ್ಟು ಬಂತು. ಬರಬರುತ್ತ ಅದೂ ಸಡಿಲಾಗಿ, ಸೀನಿದರೆ ಕೈಗೇ ಬರತೊಡಗಿತು. ಎಳ್ಳಮಾಸಿಗೆ ಹೊಲದಲ್ಲಿ ಎಲ್ಲರೂ ಸಜ್ಜಿ ರೊಟ್ಟಿ ಕಟಕಟ ಮುರಿಯುವಾಗ ನಾನು ಬರೀ ಭಜ್ಜಿ ನೆಕ್ಕುತ್ತ ಕೂತಿರುತ್ತಿದ್ದೆ.

ಸೆಟ್ಟು ಮಾಡಿದವನನ್ನು ಬೈದದ್ದೇ ಬೈದದ್ದು. ಹೈದರಾಬಾದಿನ ಡಾಕ್ಟರು ಸ್ಕ್ಯಾನ್ ತೋರಿಸಿದಾಗಲೇ ಗೊತ್ತಾದದ್ದು, ಸವೆದದ್ದು ಸೆಟ್ಟಲ್ಲ, ನನ್ನ ಎಲುಬು. ಹಲ್ಲು ಹೋದರೆ ಅದನ್ನು ಹಿಡಿದಿದ್ದ ಎಲುಬು ಕೆಳಗಿನಿಂದ ಕರಗುತ್ತದೆ. ಮೇಲಿನಿಂದ ಸೈನಸ್ ಗೂಡು ಇಳಿದು ಬರುತ್ತದೆ. ಸಾಮಾನ್ಯ ಇಂಪ್ಲಾಂಟ್ ಸುಮಾರು 10 ಮಿಲಿಮೀಟರ್ ಉದ್ದ. ನನ್ನಲ್ಲಿ ಉಳಿದದ್ದು ಮೂರೂ ಇರಲಿಲ್ಲ. ಟೈಟೇನಿಯಂ ಎಲುಬಿನೊಂದಿಗೆ ಬೆಸೆದುಕೊಳ್ಳುತ್ತದೆಂದು ಕಂಡುಕೊಂಡು ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲೇ ಮನುಷ್ಯರಿಗೆ ಅದನ್ನು ಕೂರಿಸಿದ್ದರು, ನಿಜ. ಆದರೆ ಬೆಸೆಯಲು ಎಲುಬಾದರೂ ಇರಬೇಕಲ್ಲ!

ಸೊಂಟದ ಎಲುಬಿನ ತುಂಡು ತೆಗೆದು ಮೇಲ್ದವಡೆಗೆ ಸಣ್ಣ ಸ್ಕ್ರೂಗಳಿಂದ ಬಿಗಿದರು. ಸೈನಸ್ಸಿನ ಪೊರೆ ಎತ್ತಿ ಅದರಡಿಗೂ ಎಲುಬು ತುಂಬಿದರು. ಆಪರೇಷನ್ ಬಾಯಿಗೆ, ಕುಂಟಿದ್ದು ಕಾಲು. ನೋಡಲು ಬಂದ ಸೇಡಂ ಬೀಗರು, "ಖರೇನೇ ಹಲ್ಲಿಂದೇನ್ರಿ?" ಎಂದು ಎರಡೆರಡು ಸಲ ಕೇಳಿದರು.

ತಂಬಾಕು ಬೇಡ, ಮೂಗು ಸೀಟಬೇಡಿ, ನಾವು ಹೇಳುವ ತನಕ ಹಳೆ ಸೆಟ್ಟು ಹಾಕಲೇಬೇಡಿ, ನಾಲ್ಕಾರು ತಿಂಗಳು ಕಾದು ಇಂಪ್ಲಾಂಟ್ ಕೂರಿಸೋಣ ಅಂದಿದ್ದರು ಡಾಕ್ಟರು. ಅಷ್ಟರಲ್ಲಿ ಚಿತ್ತಾಪುರದಲ್ಲಿ ತಂಗಿಯ ಮಗಳ ಮದುವೆ. ಸೋದರಮಾವ ನಾನು, ಬೊಚ್ಚು ಬಾಯಲ್ಲಿ ಮುಂದೆ ನಿಲ್ಲುವುದೆ? ದವಡೆ ಈಗ ದಪ್ಪಗಾಗಿತ್ತು, ಸೆಟ್ಟು ಕೂರಲಿಲ್ಲ. ಬಚ್ಚಲಮನೆ ಬಾಗಿಲು ಹಾಕಿಕೊಂಡು, ಒಳಬದಿಯನ್ನು ಕಾನಸದಿಂದ ಉಜ್ಜಿ ಒತ್ತಿ ಕೂರಿಸಿದೆ. ಅಕ್ಷತೆ ಬೀಳುವ ಹೊತ್ತಿಗೆ ಬಾಯಲ್ಲಿ ಉಪ್ಪುಪ್ಪು ರುಚಿ. ನಕ್ಕೆ. ಬಿಳಿ ಅಂಗಿಯ ಮೇಲೆ ಕೆಂಪು ಹನಿ ಬಿತ್ತು. ಎಲಿಯಡಿಕಿ ಇರಬೇಕೆಂದು ಜನ ಸುಮ್ಮನಾದರು.

ಹೊಲಿಗೆ ಬಿಚ್ಚಿ, ಎಲುಬು ಹೊರಬಿದ್ದು, ಕೀವಾಯಿತು. "ಸೆಟ್ಟು ಹಾಕಿದ್ರೇನು?" ಅಂದರು ಡಾಕ್ಟರು. "ಇಲ್ರಿ" ಅಂದೆ. ಜೊತೆಗೆ ಬಂದಿದ್ದ ಮೊಮ್ಮಗ ಮೊಬೈಲ್ ಮುಂದೆ ಹಿಡಿದು, "ಅಜ್ಜನ ಫೋಟೋ ಛಲೋ ಬಂದಾದ ನೋಡ್ರಿ ಸರ್" ಅಂದ. ಫೋಟೋದಲ್ಲಿ ನನ್ನ ಹಲ್ಲುಗಳೇ ಎದ್ದು ಕಾಣುತ್ತಿದ್ದವು. ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಕೆಟ್ಟ ತುಂಡನ್ನು ತೆಗೆದುಹಾಕಿದರು.

ಸಿಮೆಂಟಿನ ಗಟ್ಟಿತನವನ್ನು 28ನೇ ದಿನಕ್ಕೆ ಪರೀಕ್ಷಿಸುವವರು ನಾವು. ಹಸಿ ಸ್ಲ್ಯಾಬಿನ ಮೇಲೆ ಭಾರ ಹೊರಿಸಿದ ಗುತ್ತಿಗೆದಾರರಿಗೆ ನಾನೇ ಬುದ್ಧಿ ಹೇಳಿದ್ದುಂಟು. ನನ್ನ ಬಾಯಿಗೆ ಮಾತ್ರ ಆ ಲೆಕ್ಕ ಹಚ್ಚಲಿಲ್ಲ.

ಈಗ ಡಾಕ್ಟರು ಕೆನ್ನೆಯ ಎಲುಬಿಗೆ ಹೋಗಿ ಕೂರುವ ಉದ್ದನೆಯ ಇಂಪ್ಲಾಂಟಿನ ಮಾತಾಡುತ್ತಿದ್ದಾರೆ. ಸೊಂಟ ಮುಟ್ಟುವುದಿಲ್ಲವಂತೆ. ಹಲ್ಲು ಕೀಳಿಸಲು ಹೊರಟವರು, ಮುಂದೆ ಎಲುಬಿನ ಗತಿಯೇನೆಂದು ಅದೇ ದಿನ ಕೇಳಿಕೊಂಡು ಬನ್ನಿ. ದವಡೆ ಕಟ್ಟಿಸಿಕೊಂಡವರು ಹಳೆ ಸೆಟ್ಟನ್ನು ಮನೆಯವರ ಟ್ರಂಕಿನಲ್ಲಿಟ್ಟು, ಕೀಲಿ ಅವರ ಕೈಗೇ ಕೊಡಿ.