ಉತಾರ ತೋರಿಸಬಹುದು, ಹೆಬ್ಬೆರಳು ಕಳಿಸಲಾಗದು

"ಕಂಪ್ಯೂಟರ್‌ನಾಗ ನೀ ದಿನಾ ಏನ್ ಮಾಡ್ತಿ?" ಅಂತ ಅಪ್ಪ ಕೇಳಿದಾಗೆಲ್ಲ ನನ್ನ ಉತ್ತರ ಒಂದೇ: "ಒಂದ್ ಕಡೆ ಫೈಲ್ ಇನ್ನೊಂದ್ ಕಡೆ ಮುಟ್ಟಸ್ತೀನಿ." ಪೋಸ್ಟ್‌ಮ್ಯಾನ್ ಕೆಲಸ ಅನ್ನಿ. ಆದರೆ ನಾನು ಮುಟ್ಟಿಸುವ ಲಕೋಟೆಯಲ್ಲಿ ಸಾವಿರಾರು ಜನರ ಹೆಸರು, ಬ್ಯಾಂಕ್ ಖಾತೆ ನಂಬರ್, ಪಗಾರದ ಮೊತ್ತ ಇರುತ್ತವೆ.

ಇಂಥ ಫೈಲ್ ಕಳಿಸಲು ಬರೀ ಪಾಸ್‌ವರ್ಡ್ ಸಾಲದು. ನಾವು ಮೊಬೈಲಿನಲ್ಲಿ ಬ್ಯಾಂಕಿನ ವೆಬ್‌ಸೈಟ್ ತೆರೆದಾಗ ಸರ್ವರ್ ತನ್ನ ಸರ್ಟಿಫಿಕೇಟ್ ತೋರಿಸಿ 'ನಾನೇ ಬ್ಯಾಂಕು' ಎಂದು ಸಾಬೀತು ಮಾಡುತ್ತದೆ. ಕಂಪನಿ ಕಂಪನಿಗಳ ನಡುವೆ ಫೈಲ್ ಹೋಗುವಾಗ ಸರ್ವರ್ ತಿರುಗಿ ಕೇಳಬಹುದು: 'ಸರಿ, ನೀನ್ಯಾರು?' ಆಗ ನಮ್ಮ ಪ್ರೋಗ್ರಾಮ್ ತೋರಿಸುವುದೇ ಕ್ಲೈಂಟ್ ಸರ್ಟಿಫಿಕೇಟ್. ಎರಡೂ ಕಡೆಯವರು ಗುರುತು ಕೇಳುವುದರಿಂದ ಇದಕ್ಕೆ ಮ್ಯೂಚುವಲ್ ಟಿಎಲ್‌ಎಸ್ ಅಂತ ಹೆಸರು.

ಅಪ್ಪನಿಗೆ ಇದನ್ನು ಹೊಲದ ಉತಾರದ ಲೆಕ್ಕದಲ್ಲಿ ತಿಳಿಸಿದೆ. ಉತಾರ ಯಾರಿಗೆ ಬೇಕಾದರೂ ತೋರಿಸಬಹುದು, ಝೆರಾಕ್ಸ್ ಕೊಡಬಹುದು. ಆದರೆ ಝೆರಾಕ್ಸ್ ಹಿಡಿದು ಬಂದವರೆಲ್ಲ ಹೊಲದ ಮಾಲೀಕರಾಗುವುದಿಲ್ಲ. ಖಾನಾಪುರದ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಖುದ್ದು ನಿಂತು ಹೆಬ್ಬೆರಳು ಒತ್ತಬೇಕು. ಸರ್ಟಿಫಿಕೇಟ್ ಉತಾರ ಇದ್ದ ಹಾಗೆ. ಅದರ ಜೋಡಿ ಪ್ರೈವೇಟ್ ಕೀ ಹೆಬ್ಬೆರಳು ಇದ್ದ ಹಾಗೆ. ಸಂಪರ್ಕ ಶುರುವಾಗುವಾಗ ನಮ್ಮ ಪ್ರೋಗ್ರಾಮ್ ಆ ಹೊತ್ತಿನ ಮಾತುಕತೆಗೆ ಕೀ ಬಳಸಿ ಸಹಿ ಹಾಕುತ್ತದೆ. ಸರ್ವರ್ ಆ ಸಹಿಯನ್ನು ಸರ್ಟಿಫಿಕೇಟಿನಲ್ಲಿರುವ ಪಬ್ಲಿಕ್ ಕೀ ಜೊತೆ ತಾಳೆ ನೋಡುತ್ತದೆ. ಸಹಿ ಹೋಗುತ್ತದೆ, ಕೀ ಹೋಗುವುದಿಲ್ಲ.

"ಹೆಬ್ಬೆರಳ ಕೊಟ್ಟಾಂವ ಏಕಲವ್ಯ ಒಬ್ಬನ. ಅವನ ಗತಿ ಏನಾತು?" ಅಂದ ಅಪ್ಪ. ಇದಕ್ಕಿಂತ ಚೆನ್ನಾಗಿ ಯಾವ ಟ್ರೇನಿಂಗ್‌ನಲ್ಲೂ ನಾನು ಕೇಳಿಲ್ಲ.

ಡಿಜಿಟಲ್ ಸಹಿ ನಮ್ಮ ಊರುಗಳಿಗೂ ಹೊಸದಲ್ಲ. 2000ದ ಐಟಿ ಕಾಯ್ದೆ ಅದಕ್ಕೆ ಕಾನೂನಿನ ಮಾನ್ಯತೆ ಕೊಟ್ಟಿತು. ಈಗ 'ಭೂಮಿ'ಯಿಂದ ಆನ್‌ಲೈನ್‌ನಲ್ಲಿ ತೆಗೆಯುವ ಉತಾರಕ್ಕೂ ಶಾಯಿಯ ಸಹಿ ಬೇಕಿಲ್ಲ.

ಕಳೆದ ವರ್ಷ ಜುಲೈ ಕೊನೆಗೆ ಈ ಹೆಬ್ಬೆರಳಿನ ಮಾತು ನಿಜವಾಗಿ ಎದುರಿಗೆ ಬಂತು. ನಾನು ಜಾಂಬೋಟಿಯ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ನಮ್ಮ ಕಡೆ ಮಳೆಗಾಲ ಹೇಗಿರುತ್ತದೆ ಗೊತ್ತಲ್ಲ: ಕರೆಂಟ್ ಮಧ್ಯಾಹ್ನವೇ ಹೋಗಿತ್ತು, ಮೊಬೈಲ್ ಹಾಟ್‌ಸ್ಪಾಟ್ ಆಗಾಗ ಉಸಿರಾಡುತ್ತಿತ್ತು. ಪಗಾರದ ಫೈಲ್ ರಾತ್ರಿಯೊಳಗೆ ಹೋಗಬೇಕು. ನಮ್ಮ ಕ್ಲೈಂಟ್ ಸರ್ಟಿಫಿಕೇಟಿನ ಅವಧಿಯೂ ಅದೇ ರಾತ್ರಿ 12ಕ್ಕೆ ಮುಗಿಯುತ್ತಿತ್ತು. ನವೀಕರಣಕ್ಕೆ ನಾವು ಕಳಿಸಿದ್ದ ಮೇಲ್ ಆಚೆಯ ಕಂಪನಿಯಲ್ಲಿ ಎರಡು ವಾರ ಹಾಗೇ ಬಿದ್ದಿತ್ತು.

ಸಂಜೆ ಅಲ್ಲಿಯ ಹುಡುಗ ಫೋನ್ ಮಾಡಿದ. "ಸರ್, ಕೀ, ಸರ್ಟಿಫಿಕೇಟ್ ಎರಡೂ ನಾನೇ ಮಾಡಿ ವಾಟ್ಸ್ಯಾಪ್ ಮಾಡ್ತೀನಿ. ಎರಡು ನಿಮಿಷದ ಕೆಲಸ."

"ಬೇಡಪ್ಪಾ. ಕೀ ನಮ್ಮ ಸರ್ವರ್‌ನಲ್ಲೇ ಹುಟ್ಟಲಿ. ನಾನು ಸಿಎಸ್‌ಆರ್ ಕಳಿಸ್ತೀನಿ, ನೀವು ಸಹಿ ಮಾಡಿ ಸರ್ಟಿಫಿಕೇಟ್ ಮಾತ್ರ ಕಳಿಸಿ. ಅದನ್ನ ಬೇಕಾದ್ರೆ ಊರಿಗೆಲ್ಲ ತೋರಿಸಿ."

ಸಿಎಸ್‌ಆರ್ ಅಂದರೆ ಸರ್ಟಿಫಿಕೇಟಿಗೆ ಹಾಕುವ ಅರ್ಜಿ. ಅದರಲ್ಲಿ ಪಬ್ಲಿಕ್ ಕೀ ಇರುತ್ತದೆ, ಪ್ರೈವೇಟ್ ಕೀ ಇರುವುದಿಲ್ಲ. ಕೀ ವಾಟ್ಸ್ಯಾಪ್‌ನಲ್ಲಿ ಬಂದಿದ್ದರೆ ಅವನ ಫೋನ್, ನನ್ನ ಫೋನ್, ಇಬ್ಬರ ಬ್ಯಾಕಪ್ ಎಲ್ಲ ಕಡೆ ನಮ್ಮ ಹೆಬ್ಬೆರಳು ಬಿದ್ದಿರುತ್ತಿತ್ತು. ನಾಳೆ ಯಾರಾದರೂ ನಮ್ಮ ಹೆಸರಲ್ಲಿ ಖಾತೆ ನಂಬರ್ ಬದಲಿಸಿದ ಫೈಲ್ ಕಳಿಸಿದರೆ ಸರ್ವರ್ ಅದನ್ನು ನಮ್ಮದೇ ಅಂತ ನಂಬುತ್ತಿತ್ತು.

ಹೊಸ ಸರ್ಟಿಫಿಕೇಟ್ 10 ಗಂಟೆಗೆ ಬಂತು. ಆಮೇಲೆ ಇನ್ನೊಂದು ತೊಡಕು. ಅವರ ಸರ್ವರ್ ತನ್ನ ನಡುವಿನ ಸರ್ಟಿಫಿಕೇಟ್ ಕಳಿಸುತ್ತಿರಲಿಲ್ಲ, ಹಾಗಾಗಿ ನಮ್ಮ ಪೈಥಾನ್ ಪ್ರೋಗ್ರಾಮ್ 'ಇವರು ಯಾರೋ ನಂಬಲಾರೆ' ಅಂತ ನಿಂತುಬಿಟ್ಟಿತು. "ವೆರಿಫೈ ಫಾಲ್ಸ್ ಮಾಡಿಬಿಡಿ ಸರ್" ಅಂದ ಹುಡುಗ. ಒಂದೇ ಪದ, ಫೈಲ್ ಹೋಗಿಬಿಡುತ್ತದೆ. ಆದರೆ ಯಾರ ಕೈಗೆ? ನಾವು ನಮ್ಮ ಗುರುತು ಹೇಳಿ, ಎದುರಿನವರ ಮುಖ ನೋಡದೆ ಎಲ್ಲರ ಪಗಾರದ ಪಟ್ಟಿ ಕೊಟ್ಟಂತೆ. ಅವರು ಸರ್ವರ್ ಸರಿಮಾಡುವವರೆಗೆ ಕಾದೆ. ಅವ್ವ ಎರಡು ಸಲ ಚಹಾ ಮಾಡಿಕೊಟ್ಟಳು. ಫೈಲ್ 11.40ಕ್ಕೆ ಹೋಯಿತು. ಬೆಳಿಗ್ಗೆ ಎಲ್ಲರಿಗೂ ಪಗಾರ ಜಮಾ ಆಯಿತು. ರಾತ್ರಿ ನಡೆದದ್ದು ಅವರ್ಯಾರಿಗೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ನೀವೂ ಇಂಥದ್ದೇ ಕೆಲಸದಲ್ಲಿದ್ದರೆ ಕೀ ಫೈಲನ್ನು ಕೋಡ್ ಜೊತೆ ಗಿಟ್‌ಗೆ ಹಾಕಬೇಡಿ. ಸರ್ವರ್‌ನಲ್ಲಿ ಆ ಫೈಲ್ ಓದುವ ಹಕ್ಕು ಅದನ್ನು ಬಳಸುವ ಪ್ರೋಗ್ರಾಮಿಗೆ ಮಾತ್ರ ಇರಲಿ. ಅವಧಿ ಮುಗಿಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಒಂದು ತಿಂಗಳು ಮೊದಲೇ ಬರೆದಿಡಿ, ಆಚೆ ಕಡೆಯವರಿಗೆ ಮೇಲ್ ಸಾಲದು, ಫೋನ್ ಮಾಡಿ. ಅವಸರದ ರಾತ್ರಿಯಲ್ಲೇ ಜನ ಹೆಬ್ಬೆರಳು ಕೇಳುವುದು.